ಕ್ರೆಡಿಟ್ ವರದಿಯ ತಪ್ಪು ತಿದ್ದಿಸಲು ವೃತ್ತಿಪರರ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲದ ಅರ್ಜಿ ತಿರಸ್ಕೃತವಾದ ದಿನವೇ ಅನೇಕರು ತಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ತಮ್ಮ ಸಾಲ ಮತ್ತು ಮರುಪಾವತಿಯ ದಾಖಲೆಯನ್ನು, ಮೊದಲ ಬಾರಿಗೆ ತೆರೆದು ನೋಡುತ್ತಾರೆ. ತಾವು ಎಂದೂ ಪಡೆಯದ ಸಾಲವೋ, ತೀರಿಸಿ ವರ್ಷಗಳಾದರೂ ಬಾಕಿಯೆಂದೇ ನಿಂತಿರುವ ಖಾತೆಯೋ ಅಲ್ಲಿ ಕಂಡರೆ, ‘ನಾವು ಸರಿಪಡಿಸಿಕೊಡುತ್ತೇವೆ’ ಎಂದವರಿಗೆ ಕೇಳಿದಷ್ಟು ಕೊಟ್ಟುಬಿಡೋಣ ಎನಿಸುವುದು ಸಹಜ. ಹಾಗೆ ಕೊಡುವ ಮುನ್ನ ಜನ ಸಾಮಾನ್ಯವಾಗಿ ಕೇಳುವ, ಕೇಳಲೇಬೇಕಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಅಗತ್ಯವಿದ್ದಲ್ಲಿ ಯಾವ ದೇಶದ ಕಾನೂನು ಎಂಬುದನ್ನು ಹೆಸರಿಸಿಯೇ ಹೇಳಲಾಗಿದೆ.

ಕ್ರೆಡಿಟ್ ವರದಿಯಲ್ಲಿ ‘ತಪ್ಪು’ ಎಂದರೆ ಯಾವುದು?

ವಾಸ್ತವಕ್ಕೆ ಹೊಂದದ ಮಾಹಿತಿ ಮಾತ್ರ ತಪ್ಪು. ನಮಗೆ ಇಷ್ಟವಾಗದ ಮಾಹಿತಿಯೆಲ್ಲ ತಪ್ಪಲ್ಲ. ಮುಂದಿನ ಎಲ್ಲ ಉತ್ತರಗಳಿಗೂ ಈ ವ್ಯತ್ಯಾಸವೇ ಬುನಾದಿ. ನಿಮ್ಮದಲ್ಲದ ಖಾತೆ, ಒಂದೇ ಸಾಲ ಎರಡು ಬಾರಿ ದಾಖಲಾಗಿರುವುದು, ಸಮಯಕ್ಕೆ ಕಟ್ಟಿದ ಕಂತನ್ನು ತಡವಾಗಿದೆಯೆಂದು ತೋರಿಸಿರುವುದು, ಪೂರ್ತಿ ತೀರಿಸಿದ ಸಾಲವನ್ನು ಮುಚ್ಚದೆ ಹಾಗೆಯೇ ಬಿಟ್ಟಿರುವುದು, ಕಾನೂನಿನ ಅವಧಿ ಮುಗಿದರೂ ಹಳೆಯ ಸುಸ್ತಿಯನ್ನು ಉಳಿಸಿಕೊಂಡಿರುವುದು, ಹೆಸರು ಅಥವಾ ಹುಟ್ಟಿದ ದಿನಾಂಕ ಬೇರೆಯವರದಾಗಿರುವುದು, ಇವೆಲ್ಲ ತಪ್ಪುಗಳೇ. ಆದರೆ ಕೆಲಸ ಹೋಗಿದ್ದಾಗ ನಿಜವಾಗಿಯೂ ಮೂರು ಕಂತು ಕಟ್ಟಲಾಗದಿದ್ದರೆ, ಅದಕ್ಕೆ ಎಷ್ಟೇ ನ್ಯಾಯವಾದ ಕಾರಣವಿದ್ದರೂ ವರದಿಯಲ್ಲಿ ಅದು ಇರುವುದು ತಪ್ಪಲ್ಲ. ಇದನ್ನು ಕೇಳುವುದು ಕಹಿಯೆನಿಸಬಹುದು. ಆದರೂ ಹಣ ಖರ್ಚು ಮಾಡುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.

ಇಂತಹ ತಪ್ಪುಗಳು ಅಪರೂಪವಲ್ಲವೇ? ಅವು ಹೇಗೆ ನುಸುಳುತ್ತವೆ?

ಅಪರೂಪವೇನಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಅಲ್ಲಿನ ಸಂಸತ್ತಿಗೆ ಸಲ್ಲಿಸಿದ ಅಧ್ಯಯನದಲ್ಲಿ, ಪಾಲ್ಗೊಂಡವರ ಪೈಕಿ ಸುಮಾರು ಐವರಲ್ಲಿ ಒಬ್ಬರ ವರದಿಯಲ್ಲಿದ್ದ ತಪ್ಪನ್ನು ತಕರಾರು ಹಾಕಿದ ಬಳಿಕ ವರದಿ ಸಿದ್ಧಪಡಿಸುವ ಕ್ರೆಡಿಟ್ ಬ್ಯೂರೋ ತಾನೇ ತಿದ್ದಿತ್ತು. ಸುಮಾರು ಶೇಕಡಾ 5ರಷ್ಟು ಜನರ ವರದಿಯಲ್ಲಿ, ಸಾಲದ ಬಡ್ಡಿ ದರವನ್ನೇ ಬದಲಿಸಬಲ್ಲಷ್ಟು ದೊಡ್ಡ ತಪ್ಪುಗಳಿದ್ದವು.

ತಪ್ಪು ನುಸುಳುವ ಬಗೆ ತಿಳಿದರೆ ತಿದ್ದಿಸುವ ದಾರಿಯೂ ತಿಳಿಯುತ್ತದೆ. ಕ್ರೆಡಿಟ್ ಬ್ಯೂರೋ ಎಂಬುದು ನಿಮ್ಮ ಬಗ್ಗೆ ತಾನಾಗಿ ಏನನ್ನೂ ಬರೆಯುವ ಸಂಸ್ಥೆಯಲ್ಲ. ಬ್ಯಾಂಕು, ಹಣಕಾಸು ಕಂಪನಿ, ಕಾರ್ಡ್ ಕೊಟ್ಟವರು ನಿಯತವಾಗಿ ಕಳುಹಿಸುವ ಕಡತಗಳಲ್ಲಿನ ಹೆಸರು, ಹುಟ್ಟಿದ ದಿನಾಂಕ, ಗುರುತಿನ ಸಂಖ್ಯೆ, ವಿಳಾಸಗಳನ್ನು ತಾಳೆ ನೋಡಿ, ‘ಇದು ಇಂಥವರ ಖಾತೆ’ ಎಂದು ಗಣಕಯಂತ್ರವೇ ಜೋಡಿಸುತ್ತದೆ. ತಂದೆ ಮಗನ ಹೆಸರು ಹತ್ತಿರ ಹತ್ತಿರವಿದ್ದು ವಿಳಾಸವೂ ಒಂದೇ ಆಗಿದ್ದರೆ, ಅಥವಾ ಇಬ್ಬರು ಅಪರಿಚಿತರ ಗುರುತಿನ ಸಂಖ್ಯೆಯಲ್ಲಿ ಒಂದೇ ಅಂಕಿ ಬೇರೆಯಿದ್ದರೆ, ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುವುದುಂಟು. ಸಾಲವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಮಾರಿದಾಗ ಹಳೆಯವರು ಖಾತೆ ಮುಚ್ಚದೆ, ಹೊಸಬರು ಅದನ್ನೇ ಹೊಸದಾಗಿ ತೆರೆದು, ಒಂದೇ ಬಾಕಿ ಎರಡಾಗಿ ಕಾಣುವುದೂ ಇದೆ. ಇನ್ನು ಬೇರೆಯವರು ನಿಮ್ಮ ದಾಖಲೆ ಬಳಸಿ ಸಾಲ ಪಡೆದಿದ್ದರೆ ಅದು ಬರಿಯ ತಪ್ಪಲ್ಲ, ಅಪರಾಧ. ಅದರ ದಾರಿಯೇ ಬೇರೆ.

ವೃತ್ತಿಪರರಿಗೆ ನನಗಿಲ್ಲದ ಅಧಿಕಾರ ಏನಾದರೂ ಇದೆಯೇ?

ಇಲ್ಲ. ಕಾನೂನು ತಿದ್ದುಪಡಿಯ ಹಕ್ಕನ್ನು ಕೊಟ್ಟಿರುವುದು ವರದಿಯಲ್ಲಿ ಯಾರ ಹೆಸರಿದೆಯೋ ಅವರಿಗೆ. ನೆರವಿಗೆ ಬರುವವರು ಆ ಹಕ್ಕನ್ನು ನಿಮ್ಮ ಪರವಾಗಿ ಚಲಾಯಿಸುತ್ತಾರೆ, ಅಷ್ಟೆ. ಬ್ಯೂರೋದ ಒಳಗೆ ಪರಿಚಯವಿದೆ, ವಿಶೇಷ ಲಾಗಿನ್ ಇದೆ, ನಮ್ಮ ಸಾಫ್ಟ್‌ವೇರ್ ನೇರವಾಗಿ ಅಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ನೀವು ಹಣ ಕೊಟ್ಟು ಪಡೆಯುವುದು ಅವರ ಸಮಯವನ್ನು, ಕಾಗದಪತ್ರ ಜೋಡಿಸುವ ಅಚ್ಚುಕಟ್ಟನ್ನು, ಕಾನೂನಿನ ತಿಳಿವಳಿಕೆಯನ್ನು.

ಕೆಲವು ಕಡೆಗಳಲ್ಲಿ ಮಧ್ಯವರ್ತಿಯಿಂದ ತೊಡಕೇ ಆಗುವುದುಂಟು. ಅಮೆರಿಕದ ನಿಯಮದ ಪ್ರಕಾರ, ಗ್ರಾಹಕರು ಸಾಲದಾತರಿಗೆ ನೇರವಾಗಿ ಬರೆದ ತಕರಾರನ್ನು ಪರಿಶೀಲಿಸುವುದು ಸಾಲದಾತರ ಕರ್ತವ್ಯ. ಆದರೆ ಆ ಪತ್ರವನ್ನು ಹಣ ಪಡೆದು ವರದಿ ತಿದ್ದಿಸಿಕೊಡುವ ಕ್ರೆಡಿಟ್ ರಿಪೇರಿ ಸಂಸ್ಥೆಯೊಂದು ಸಿದ್ಧಪಡಿಸಿದೆ ಎಂದು ನಂಬಲು ಸಕಾರಣವಿದ್ದರೆ ಪರಿಶೀಲಿಸದೆ ಬದಿಗಿಡಲು ಅವರಿಗೆ ಅವಕಾಶವಿದೆ. ಭಾರತದಲ್ಲಿ ಗ್ರಾಹಕರ ದೂರುಗಳನ್ನು ಆಲಿಸುವ ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆಯು ವಕೀಲರ ಮೂಲಕ ಸಲ್ಲಿಸಿದ ದೂರನ್ನು ಪುರಸ್ಕರಿಸುವುದೇ ಇಲ್ಲ. ದೂರುದಾರರೇ ಸಲ್ಲಿಸಬೇಕು, ಅಥವಾ ವಕೀಲರಲ್ಲದ ಅಧಿಕೃತ ಪ್ರತಿನಿಧಿಯೊಬ್ಬರ ಮೂಲಕ ಸಲ್ಲಿಸಬೇಕು. ಎರಡೂ ಕಡೆ ಸ್ವಂತ ಸಹಿಯಿರುವ ಸರಳ ಪತ್ರಕ್ಕೇ ಬೆಲೆ ಹೆಚ್ಚು.

ಹಾಗಾದರೆ ನೆರವು ಪಡೆಯುವುದು ಯಾವಾಗ ಯೋಗ್ಯ?

ತಪ್ಪು ಒಂದೇ, ಸ್ಪಷ್ಟ, ಅದನ್ನು ಸಾಬೀತುಪಡಿಸುವ ಕಾಗದ ನಿಮ್ಮ ಕೈಯಲ್ಲಿದೆ ಎಂದಾದರೆ ನೆರವಿನ ಅಗತ್ಯವಿಲ್ಲ. ಸಾಲ ತೀರಿದ ಪತ್ರವನ್ನು ಲಗತ್ತಿಸಿ ಒಂದು ಪುಟದ ತಕರಾರು ಬರೆಯಲು ಒಂದು ಸಂಜೆ ಸಾಕು, ಶುಲ್ಕವೂ ಇಲ್ಲ.

ಆದರೆ ಕೆಲವು ಸಂದರ್ಭಗಳು ಹಾಗಿರುವುದಿಲ್ಲ. ಮೊದಲನೆಯದು, ಬೇರೊಬ್ಬರ ಕಡತ ನಿಮ್ಮ ಕಡತದೊಂದಿಗೆ ಬೆರೆತಿರುವುದು. ಇಲ್ಲಿ ಒಂದು ಖಾತೆ ತೆಗೆಸಿದರೆ ಇನ್ನೊಂದು ಬಂದು ಕೂರುತ್ತದೆ, ಏಕೆಂದರೆ ದೋಷವಿರುವುದು ಖಾತೆಯಲ್ಲಲ್ಲ, ಜೋಡಿಸುವ ವಿಧಾನದಲ್ಲಿ; ಅದನ್ನು ಬ್ಯೂರೋಗೆ ಮನಗಾಣಿಸಲು ಅನುಭವಿಗಳು ಬೇಕಾಗಬಹುದು. ಎರಡನೆಯದು, ಗುರುತಿನ ಕಳವು: ಹಲವು ಸಾಲದಾತರು, ಪೊಲೀಸ್ ದೂರು, ಪ್ರಮಾಣಪತ್ರ, ವಸೂಲಿಗಾರರ ಕರೆ ಎಲ್ಲವೂ ಒಟ್ಟಿಗೆ ಬಂದಾಗ ಯಾರಾದರೂ ಜೊತೆಗಿರುವುದು ದೊಡ್ಡ ಆಸರೆ. ಮೂರನೆಯದು, ದಾಖಲೆ ಕೊಟ್ಟರೂ ಸಾಲದಾತರು ‘ನಮ್ಮ ಲೆಕ್ಕವೇ ಸರಿ’ ಎಂದು ಎರಡು ಬಾರಿ ಉತ್ತರಿಸಿರುವುದು. ಅಲ್ಲಿಂದ ಮುಂದೆ ಅದು ಪತ್ರ ವ್ಯವಹಾರವಾಗಿ ಉಳಿಯದೆ ಕಾನೂನಿನ ವ್ಯಾಜ್ಯವಾಗುತ್ತದೆ. ನಾಲ್ಕನೆಯದು, ತಪ್ಪಿನಿಂದ ನಿಮಗೆ ಲೆಕ್ಕ ಹಾಕಿ ತೋರಿಸಬಹುದಾದ ನಷ್ಟವಾಗಿ, ಪರಿಹಾರ ಕೇಳುವ ಉದ್ದೇಶವಿರುವುದು. ಈ ಕೊನೆಯ ಎರಡರಲ್ಲಿ ವಕೀಲರನ್ನು ಕಾಣಲು ತಡಮಾಡಬಾರದು, ಏಕೆಂದರೆ ದಾವೆ ಹೂಡಲು ಕಾಲಮಿತಿ ಇರುತ್ತದೆ.

ಬಿಡುವಿಲ್ಲದವರು, ಅನಾರೋಗ್ಯದಲ್ಲಿರುವವರು, ಓದು ಬರಹ ಕಷ್ಟವಾದವರು ಸರಳ ತಪ್ಪಿಗೂ ನೆರವು ಪಡೆದರೆ ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ತಿಳಿದಿದ್ದರೆ ಸಾಕು.

ವೃತ್ತಿಪರರು ಎಂದರೆ ನಿಜವಾಗಿ ಯಾರು?

ಒಂದೇ ಹೆಸರಿನಡಿ ನಾಲ್ಕು ಬಗೆಯವರು ಬರುತ್ತಾರೆ, ಅವರ ಕೆಲಸ ಒಂದೇ ಅಲ್ಲ. ಗ್ರಾಹಕ ಕಾನೂನಿನ ವಕೀಲರು ನೋಟಿಸ್ ಕೊಡಬಲ್ಲರು, ದಾವೆ ಹೂಡಬಲ್ಲರು, ವೃತ್ತಿ ನಿಯಮಗಳಿಗೆ ಬದ್ಧರು. ಅಮೆರಿಕದಲ್ಲಿ ಗ್ರಾಹಕರು ಗೆದ್ದರೆ ಅವರ ವಕೀಲರ ಶುಲ್ಕವನ್ನು ಎದುರು ಪಕ್ಷವೇ ಭರಿಸಬೇಕೆಂಬ ನಿಯಮ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯಲ್ಲಿದೆ; ಆದ್ದರಿಂದ ಗಟ್ಟಿ ಪ್ರಕರಣವಾದರೆ ಕಕ್ಷಿದಾರರಿಂದ ಮುಂಗಡ ಪಡೆಯದೆ ಕೆಲಸ ವಹಿಸಿಕೊಳ್ಳುವ ವಕೀಲರು ಅಲ್ಲಿ ಸಿಗುತ್ತಾರೆ. ಲಾಭದ ಉದ್ದೇಶವಿಲ್ಲದ ಸಾಲ ಸಲಹಾ ಕೇಂದ್ರಗಳು ವರದಿಯನ್ನು ಓದಿ ಅರ್ಥಮಾಡಿಸಲು, ಮನೆಯ ಲೆಕ್ಕ ಸರಿದೂಗಿಸಲು, ಬಾಕಿ ತೀರಿಸುವ ಯೋಜನೆ ಹಾಕಲು ನೆರವಾಗುತ್ತವೆ. ನನ್ನ ಅಭಿಪ್ರಾಯದಲ್ಲಿ, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಮೊದಲು ಹೋಗಬೇಕಾದುದು ಇಲ್ಲಿಗೇ. ಲೆಕ್ಕಪರಿಶೋಧಕರು ಮತ್ತು ಹಣಕಾಸು ಸಲಹೆಗಾರರು ವ್ಯಾಪಾರ ಸಾಲಗಳಲ್ಲಿ, ಜಾಮೀನು ಸಹಿ ಹಾಕಿದ ಪ್ರಕರಣಗಳಲ್ಲಿ, ಬಡ್ಡಿ ಲೆಕ್ಕದ ವ್ಯತ್ಯಾಸಗಳಲ್ಲಿ ಉಪಯುಕ್ತರು.

ನಾಲ್ಕನೆಯವರೇ ಜಾಹೀರಾತುಗಳಲ್ಲಿ ಹೆಚ್ಚು ಕಾಣುವ ಕ್ರೆಡಿಟ್ ರಿಪೇರಿ ಸಂಸ್ಥೆಗಳು. ಇವುಗಳಲ್ಲಿ ಪ್ರಾಮಾಣಿಕವಾದವೂ ಇವೆ. ಆದರೆ ಈ ಉದ್ಯಮದ ಇತಿಹಾಸ ಹಿತಕರವಲ್ಲ; ಅಮೆರಿಕ 1996ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು, ಆಸ್ಟ್ರೇಲಿಯಾ 2021ರ ಜುಲೈ 1ರಿಂದ ಇಂತಹ ಸೇವೆ ನೀಡುವವರಿಗೆ ಪರವಾನಗಿ ಕಡ್ಡಾಯಗೊಳಿಸಿತು. ನೀವಿರುವ ದೇಶದಲ್ಲಿ ಪರವಾನಗಿ ವ್ಯವಸ್ಥೆಯಿದ್ದರೆ, ಸಂಸ್ಥೆ ತೋರಿಸುವ ಪ್ರಮಾಣಪತ್ರವನ್ನು ನಂಬಿ ಕೂರದೆ, ನಿಯಂತ್ರಕರ ದಾಖಲೆಯಲ್ಲೇ ಅದರ ಹೆಸರನ್ನು ಹುಡುಕಿ ನೋಡಬೇಕು.

ನೆರವು ಕೇಳುವ ಮುನ್ನ ನಾನೇ ಏನು ಮಾಡಿರಬೇಕು?

ಎಲ್ಲ ಬ್ಯೂರೋಗಳಿಂದಲೂ ನಿಮ್ಮ ವರದಿಯನ್ನು ನೀವೇ ತರಿಸಿಕೊಳ್ಳಬೇಕು. ಒಂದರಲ್ಲಿರುವ ತಪ್ಪು ಇನ್ನೊಂದರಲ್ಲಿ ಇಲ್ಲದಿರಬಹುದು, ಹಾಗೆಯೇ ಒಂದರಲ್ಲಿ ತಿದ್ದಿಸಿದ್ದು ಇನ್ನೊಂದರಲ್ಲಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಭಾರತದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿದ್ದು, ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅಮೆರಿಕದ ಮೂರು ದೊಡ್ಡ ಬ್ಯೂರೋಗಳು ಈಗ ವಾರಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳಿಗೊಮ್ಮೆ. ಆದ್ದರಿಂದ ಬರಿಯ ವರದಿ ತರಿಸಿಕೊಡಲು ಶುಲ್ಕ ಕೇಳುವವರಿಗೆ ಹಣ ಕೊಡುವ ಅಗತ್ಯವೇ ಇಲ್ಲ.

ಬಳಿಕ ವರದಿಯನ್ನು ಮುದ್ರಿಸಿ, ತಪ್ಪೆಂದು ಕಂಡ ಪ್ರತಿ ಸಾಲಿಗೂ ಸಂಖ್ಯೆ ಹಾಕಿ, ಪ್ರತಿಯೊಂದರ ಎದುರು ಮೂರು ಸಂಗತಿ ಬರೆದಿಡಿ: ವರದಿ ಏನು ಹೇಳುತ್ತದೆ, ವಾಸ್ತವ ಏನು, ಅದನ್ನು ತೋರಿಸುವ ಕಾಗದ ಯಾವುದು. ಬ್ಯಾಂಕ್ ಪಾಸ್‌ಬುಕ್ಕಿನ ನಮೂದು, ಕಂತಿನ ರಸೀದಿ, ಬಾಕಿ ಇಲ್ಲವೆಂಬ ಪತ್ರ, ನ್ಯಾಯಾಲಯದ ಆದೇಶ, ಯಾವುದಿದೆಯೋ ಅದು. ಮೂರನೆಯ ಅಂಕಣ ಖಾಲಿ ಉಳಿದ ತಪ್ಪುಗಳೇ ನಿಮಗೆ ನಿಜವಾಗಿ ಕಷ್ಟ ಕೊಡುವಂಥವು; ಅವುಗಳಿಗೆ ಮಾತ್ರ ನೆರವು ಬೇಕೇನೋ ಎಂದು ಯೋಚಿಸಬಹುದು. ಈ ಪಟ್ಟಿ ಹಿಡಿದು ಹೋದವರ ಜೊತೆ ಯಾವ ಸಲಹೆಗಾರರೂ ಬಾಯಿಮಾತಿನಲ್ಲಿ ವ್ಯವಹರಿಸಲಾರರು.

ತಕರಾರನ್ನು ಬ್ಯೂರೋಗೆ ಬರೆಯಬೇಕೇ, ಸಾಲ ಕೊಟ್ಟವರಿಗೆ ಬರೆಯಬೇಕೇ?

ಇಬ್ಬರಿಗೂ. ಸಾಲದಾತರು ಕಳುಹಿಸಿದ ಮಾಹಿತಿಯನ್ನು ಅವರ ದೃಢೀಕರಣವಿಲ್ಲದೆ ಭಾರತದ ಬ್ಯೂರೋಗಳು ಬದಲಿಸುವಂತಿಲ್ಲ; ಆದ್ದರಿಂದ ಮೂಲದಲ್ಲಿ ತಿದ್ದದ ಹೊರತು ಅಲ್ಲಿ ಕೆಲಸ ಆಗದು. ಅಮೆರಿಕದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಸಾಲದಾತರ ಪರಿಶೀಲನೆ ಸರಿಯಾಗಿ ನಡೆಯಲಿಲ್ಲವೆಂದು ಫೆಡರಲ್ ಕಾಯಿದೆಯಡಿ ದಾವೆ ಹೂಡಬೇಕಾದರೆ, ಆ ತಕರಾರು ಬ್ಯೂರೋ ಮೂಲಕ ಹೋಗಿರಲೇಬೇಕು. ಸಾಲದಾತರಿಗಷ್ಟೇ ಬರೆದು ವರ್ಷಗಟ್ಟಲೆ ಕಾದವರು ಈ ಹಂತದಲ್ಲಿ ಬರಿಗೈಯಲ್ಲಿ ನಿಲ್ಲುತ್ತಾರೆ. ಒಳ್ಳೆಯ ವಕೀಲರು ಮೊದಲ ಭೇಟಿಯಲ್ಲೇ ‘ಬ್ಯೂರೋಗೆ ಬರೆದಿದ್ದೀರಾ? ಪ್ರತಿ ಎಲ್ಲಿ?’ ಎಂದು ಕೇಳುವುದು ಇದಕ್ಕೇ.

ಪತ್ರ ಹೇಗಿರಬೇಕು ಎಂಬುದಕ್ಕೆ ಒಂದೇ ಮಾತು. ಅಮೆರಿಕದ ಬ್ಯೂರೋಗಳು ತಕರಾರನ್ನು ಸಾಲದಾತರಿಗೆ ದಾಟಿಸುವಾಗ ಅದನ್ನು ಇ-ಆಸ್ಕರ್ ಎಂಬ ವ್ಯವಸ್ಥೆಯಲ್ಲಿ ಚಿಕ್ಕ ಸಂಕೇತವೊಂದಕ್ಕೆ ಇಳಿಸುತ್ತವೆ. ನಾಲ್ಕು ಪುಟದ ಅಳಲು ಅಲ್ಲಿ ಎರಡು ಮೂರು ಅಂಕಿಯ ಸಂಖ್ಯೆಯಾಗುತ್ತದೆ. ಆದ್ದರಿಂದ ತಪ್ಪು ಯಾವುದು, ಅದು ಹೇಗಿರಬೇಕು, ಪುರಾವೆ ಯಾವುದು ಎಂಬುದು ಮೊದಲ ಐದು ಸಾಲಿನಲ್ಲೇ ಬರಬೇಕು. ಮೂಲ ಕಾಗದಗಳನ್ನು ಕಳುಹಿಸದೆ ನಕಲುಗಳನ್ನಷ್ಟೇ ಕಳುಹಿಸಿ, ತಲುಪಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ.

ತಿದ್ದುಪಡಿಗೆ ಎಷ್ಟು ದಿನ ಹಿಡಿಯುತ್ತದೆ?

ಅಮೆರಿಕದಲ್ಲಿ 30 ದಿನ. ಪರಿಶೀಲನೆ ನಡೆಯುತ್ತಿರುವಾಗ ಗ್ರಾಹಕರು ಹೊಸ ದಾಖಲೆ ಕೊಟ್ಟರೆ ಇನ್ನೂ 15 ದಿನ. ದೃಢಪಡಿಸಲಾಗದ ಮಾಹಿತಿಯನ್ನು ಅಳಿಸಲೇಬೇಕು. ಭಾರತದಲ್ಲಿಯೂ 30 ದಿನ, ಅದರಲ್ಲಿ ಸಾಲದಾತರ ಪಾಲು 21 ದಿನ. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, 30 ದಿನ ದಾಟಿದರೆ ದೂರುದಾರರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ತಡ ಯಾರಿಂದಾಯಿತೋ ಅವರೇ ಕೊಡಬೇಕು. ಬ್ರಿಟನ್ನಿನಲ್ಲಿ 28 ದಿನ, ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದಡಿ ಸಾಮಾನ್ಯವಾಗಿ ಒಂದು ತಿಂಗಳು.

ಹಣ ಪಡೆದವರು ಈ ಗಡುವನ್ನು ಚಿಕ್ಕದಾಗಿಸಲಾರರು. ‘ಏಳು ದಿನದಲ್ಲಿ ಗ್ಯಾರಂಟಿ’ ಎನ್ನುವವರು ಅದೃಷ್ಟದ ಮೇಲೆ ಮಾತಾಡುತ್ತಿದ್ದಾರೆ ಎಂದಷ್ಟೇ ತಿಳಿಯಬೇಕು.

ಶುಲ್ಕ ಹೇಗಿರಬೇಕು? ಮುಂಗಡ ಕೊಡಬಹುದೇ?

ಅಮೆರಿಕದ 1996ರ ಕ್ರೆಡಿಟ್ ರಿಪೇರಿ ಆರ್ಗನೈಸೇಷನ್ಸ್ ಕಾಯಿದೆಯು ಇಂತಹ ಸಂಸ್ಥೆಗಳು ಮಾತುಕೊಟ್ಟ ಕೆಲಸವನ್ನು ಪೂರ್ತಿ ಮಾಡುವ ಮುನ್ನ ಹಣ ಪಡೆಯುವುದನ್ನೇ ನಿಷೇಧಿಸುತ್ತದೆ. ಫೋನ್ ಮೂಲಕ ಮಾರಾಟ ಮಾಡುವವರಿಗೆ ನಿಯಮ ಇನ್ನೂ ಬಿಗಿ: ಮಾತುಕೊಟ್ಟ ಫಲ ಸಿಕ್ಕಿದೆ ಎಂಬುದನ್ನು, ಆ ಫಲ ಬಂದು ಆರು ತಿಂಗಳಿಗೂ ಹೆಚ್ಚಾದ ಮೇಲೆ ತೆಗೆದ ವರದಿಯ ಮೂಲಕ ತೋರಿಸಿದ ಬಳಿಕವೇ ಅವರು ಶುಲ್ಕ ಕೇಳಬಹುದು. ಆರು ತಿಂಗಳೇಕೆ ಎಂದರೆ, ಅಳಿಸಿದ ನಮೂದು ಕೆಲವೊಮ್ಮೆ ಮರಳಿ ಬರುತ್ತದೆ. ಈ ನಿಯಮ ಮುರಿದವರ ಮೇಲೆ ಕ್ರಮವೂ ಆಗಿದೆ: ಅಕ್ರಮವಾಗಿ ಮುಂಗಡ ಪಡೆದಿದ್ದ ಕ್ರೆಡಿಟ್ ರಿಪೇರಿ ಸಂಸ್ಥೆಗಳ ಸಮೂಹವೊಂದರ ಪ್ರಕರಣದಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಎಂಬ ಸರ್ಕಾರಿ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ 43 ಲಕ್ಷ ಗ್ರಾಹಕರಿಗೆ 180 ಕೋಟಿ ಡಾಲರ್ ಹಿಂದಿರುಗಿಸುವ ಕೆಲಸಕ್ಕೆ ಕೈಹಾಕಿತು.

ನಿಮ್ಮ ದೇಶದಲ್ಲಿ ಹೀಗೊಂದು ಕಾಯಿದೆ ಇಲ್ಲದಿದ್ದರೂ ಅದರ ತಿರುಳನ್ನು ನಿಮ್ಮ ಒಪ್ಪಂದಕ್ಕೆ ಎರವಲು ಪಡೆಯಲು ಅಡ್ಡಿಯಿಲ್ಲ. ತಿಂಗಳ ಚಂದಾ ರೂಪದ ಶುಲ್ಕಕ್ಕಿಂತ ಪ್ರತಿ ತಪ್ಪಿಗೆ ಇಷ್ಟು ಎಂಬ ನಿಗದಿ ಶುಲ್ಕ ಮೇಲು, ಏಕೆಂದರೆ ಚಂದಾ ಪಡೆಯುವವರಿಗೆ ಕೆಲಸ ಬೇಗ ಮುಗಿಸುವ ಅವಸರವಿರುವುದಿಲ್ಲ. ‘ಸ್ಕೋರ್ ಇಷ್ಟು ಏರಿದರೆ ಇಷ್ಟು’ ಎಂಬ ಶುಲ್ಕವೂ ಸಲ್ಲದು. ಸ್ಕೋರ್, ಅಂದರೆ ವರದಿಯ ಆಧಾರದ ಮೇಲೆ ನಿಮ್ಮ ಸಾಲಾರ್ಹತೆಗೆ ಕೊಡುವ ಅಂಕ, ನೀವೇ ಕಾರ್ಡಿನ ಬಾಕಿ ತೀರಿಸಿದ್ದರಿಂದಲೂ ಏರುತ್ತದೆ.

ಒಪ್ಪಂದದಲ್ಲಿ ಏನೇನು ಇರಬೇಕು?

ಯಾವ ಯಾವ ನಮೂದಿನ ಬಗ್ಗೆ, ಯಾವ ಬ್ಯೂರೋ ಮುಂದೆ, ಯಾವ ಆಧಾರದ ಮೇಲೆ ತಕರಾರು ಹಾಕಲಾಗುವುದು ಎಂಬುದು ಹೆಸರು ಸಮೇತ ಇರಬೇಕು. ‘ಕ್ರೆಡಿಟ್ ಸುಧಾರಣೆ’ ಎಂಬ ತೇಲುಮಾತು ಸಾಲದು. ಒಟ್ಟು ಶುಲ್ಕ, ಕೆಲಸ ಮುಗಿಯಬಹುದಾದ ಅವಧಿ, ಸಂಸ್ಥೆಯ ನಿಜವಾದ ವಿಳಾಸ ಇರಲೇಬೇಕು. ಅಮೆರಿಕದಲ್ಲಿ ಸಹಿ ಮಾಡಿದ ಮೂರು ಕೆಲಸದ ದಿನಗಳೊಳಗೆ ಕಾರಣ ಹೇಳದೆಯೇ ಒಪ್ಪಂದ ರದ್ದುಮಾಡುವ ಹಕ್ಕಿದೆ. ‘ಈ ಹಕ್ಕನ್ನು ಬಿಟ್ಟುಕೊಡುತ್ತೇನೆ’ ಎಂದು ಬರೆಸಿಕೊಂಡರೂ ಅದು ಊರ್ಜಿತವಲ್ಲ. ಪ್ರತಿ ಪತ್ರವನ್ನೂ ಕಳುಹಿಸುವ ಮುನ್ನ ನಿಮಗೆ ತೋರಿಸಬೇಕು ಎಂಬ ಒಂದು ಸಾಲನ್ನು ಸೇರಿಸಿ. ಅದಕ್ಕೆ ಯಾರಾದರೂ ಹಿಂದೇಟು ಹಾಕಿದರೆ, ಅವರ ಬಗ್ಗೆ ನೀವು ತಿಳಿಯಬೇಕಾದದ್ದು ತಿಳಿದಂತೆಯೇ.

ಮೋಸಗಾರರನ್ನು ಗುರುತಿಸುವುದು ಹೇಗೆ?

ಸರಿಯಾದ ಮಾಹಿತಿಯನ್ನೂ ಅಳಿಸುತ್ತೇವೆ ಎನ್ನುವವರು, ಬ್ಯೂರೋವನ್ನು ನೀವಾಗಿ ಸಂಪರ್ಕಿಸಬೇಡಿ ಎನ್ನುವವರು, ವರದಿ ನೋಡುವ ಮುನ್ನವೇ ಫಲಿತಾಂಶ ಹೇಳುವವರು, ಇವರೆಲ್ಲ ಒಂದೇ ಗುಂಪಿಗೆ ಸೇರಿದವರು. ಸಾಮಾನ್ಯವಾದ ಇನ್ನೊಂದು ತಂತ್ರವೆಂದರೆ ವರದಿಯಲ್ಲಿರುವ ಸರಿ ತಪ್ಪು ಎಲ್ಲದರ ಮೇಲೂ ಅಚ್ಚು ಹಾಕಿದ ಪತ್ರಗಳಲ್ಲಿ ತಕರಾರಿನ ಸುರಿಮಳೆ ಸುರಿಸುವುದು. ಗಡುವಿನೊಳಗೆ ಉತ್ತರಿಸಲಾಗದ ಕೆಲವು ನಮೂದುಗಳು ತಾತ್ಕಾಲಿಕವಾಗಿ ಉದುರುತ್ತವೆ, ಗ್ರಾಹಕರು ಬೆರಗಾಗಿ ಹಣ ಕೊಡುತ್ತಾರೆ, ಸಾಲದಾತರು ದೃಢಪಡಿಸಿದ ಮೇಲೆ ಅವೇ ನಮೂದುಗಳು ವಾಪಸು ಬರುತ್ತವೆ. ಅಷ್ಟರಲ್ಲಿ ಫೋನ್ ಎತ್ತುವವರು ಇರುವುದಿಲ್ಲ. ಹುರುಳಿಲ್ಲದ ತಕರಾರುಗಳೆಂದು ಬ್ಯೂರೋ ಇವನ್ನು ತಳ್ಳಿಹಾಕುವ ಅಪಾಯವೂ ಇದೆ; ಆಗ ಅವುಗಳ ನಡುವೆ ಇದ್ದ ನಿಜವಾದ ತಪ್ಪೂ ಕೊಚ್ಚಿಹೋಗುತ್ತದೆ.

ಅತಿ ಅಪಾಯಕಾರಿಯಾದುದು ‘ಹೊಸ ಗುರುತು’. ಅಮೆರಿಕದಲ್ಲಿ ಕ್ರೆಡಿಟ್ ಪ್ರೈವಸಿ ನಂಬರ್ ಎಂಬ ಒಂಬತ್ತಂಕಿಯ ಸಂಖ್ಯೆಯನ್ನು ಮಾರುವವರಿದ್ದಾರೆ. ಅಲ್ಲಿ ಗುರುತಿಗೆ ಬಳಸುವ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯ ಬದಲು ಇದನ್ನು ಬರೆದರೆ ಹಳೆಯ ದಾಖಲೆ ಕಾಣುವುದಿಲ್ಲ ಎಂಬುದು ಅವರ ಮಾತು. ಆ ಸಂಖ್ಯೆಗಳು ಎಷ್ಟೋ ಬಾರಿ ಮಕ್ಕಳಿಂದಲೋ ವೃದ್ಧರಿಂದಲೋ ಕದ್ದವಾಗಿರುತ್ತವೆ, ಮತ್ತು ಅದನ್ನು ಸಾಲದ ಅರ್ಜಿಯಲ್ಲಿ ಬರೆದವರು ತಾವೇ ಅಪರಾಧಿಗಳಾಗುತ್ತಾರೆ. ಬೇರೆ ದೇಶಗಳಲ್ಲಿ ಹೆಸರಿನ ಕಾಗುಣಿತ ಬದಲಿಸಿ, ಎರಡನೆಯ ಗುರುತಿನ ಚೀಟಿ ಮಾಡಿಸಿ ಅರ್ಜಿ ಹಾಕಿ ಎಂಬ ಸಲಹೆ ಬಂದರೂ ಅದು ಇದೇ ಜಾತಿಯದು.

ನಿಜವಾಗಿ ಕಟ್ಟದೆ ಉಳಿದ ಬಾಕಿಯನ್ನು ವೃತ್ತಿಪರರು ಅಳಿಸಬಲ್ಲರೇ?

ಕಾನೂನುಬದ್ಧವಾಗಿ ಅಳಿಸಲಾರರು. ಅದು ಕಾಲ ಕಳೆದ ಮೇಲೆ ತಾನೇ ಹೋಗುತ್ತದೆ: ಅಮೆರಿಕದಲ್ಲಿ ಹೆಚ್ಚಿನ ಋಣಾತ್ಮಕ ನಮೂದುಗಳಿಗೆ 7 ವರ್ಷ, ದಿವಾಳಿಗೆ 10 ವರ್ಷದವರೆಗೆ, ಬ್ರಿಟನ್ನಿನಲ್ಲಿ ಸುಸ್ತಿಗೆ 6 ವರ್ಷ.

ಭಾರತದಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ‘ಸೆಟಲ್ಡ್’ ಎಂಬ ಪದ. ಬ್ಯಾಂಕಿನೊಂದಿಗೆ ಮಾತುಕತೆ ನಡೆಸಿ ಬಾಕಿಯ ಒಂದು ಭಾಗವನ್ನು ಕಟ್ಟಿ ಉಳಿದುದನ್ನು ಮನ್ನಾ ಮಾಡಿಸಿಕೊಂಡವರು ಸಾಲ ಮುಗಿಯಿತೆಂದೇ ತಿಳಿಯುತ್ತಾರೆ. ಆದರೆ ವರದಿಯಲ್ಲಿ ಅದು ‘ಮುಚ್ಚಿದೆ’ ಎಂದಲ್ಲ, ‘ಸೆಟಲ್ಡ್’ ಎಂದು ಬರುತ್ತದೆ, ಮುಂದಿನ ಸಾಲದಾತರು ಅದನ್ನು ಪೂರ್ತಿ ತೀರದ ಸಾಲವೆಂದೇ ಓದುತ್ತಾರೆ. ಇದು ತಪ್ಪು ನಮೂದಲ್ಲ, ಆದ್ದರಿಂದ ತಕರಾರಿನಿಂದ ಹೋಗುವುದಿಲ್ಲ. ಉಳಿದ ಮೊತ್ತವನ್ನು ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ಸ್ಥಿತಿಯನ್ನು ಬದಲಿಸುವಂತೆ ಬ್ಯಾಂಕನ್ನು ಕೋರುವುದೇ ದಾರಿ. ಈ ಮಾತುಕತೆಗೆ ಅನುಭವಿಗಳ ನೆರವು ಉಪಯೋಗಕ್ಕೆ ಬರಬಹುದು. ಅದೇ ಪೂರ್ತಿ ಕಟ್ಟಿದ ಸಾಲವನ್ನು ‘ಸೆಟಲ್ಡ್’ ಎಂದು ತೋರಿಸಿದ್ದರೆ ಅದು ಶುದ್ಧ ತಪ್ಪು, ತಿದ್ದಲೇಬೇಕು.

ನೆರವಿಗೆ ಬಂದವರಿಗೆ ಯಾವ ದಾಖಲೆ ಕೊಡಬೇಕು, ಯಾವುದು ಕೊಡಬಾರದು?

ವರದಿಯ ಪ್ರತಿ, ಸಂಬಂಧಿಸಿದ ಖಾತೆಯ ರಸೀದಿಗಳು, ಗುರುತಿನ ಚೀಟಿಯ ನಕಲು, ಈ ಕೆಲಸಕ್ಕಷ್ಟೇ ಸೀಮಿತವಾದ ಅಧಿಕಾರಪತ್ರ, ಇಷ್ಟು ಸಾಕು. ನಕಲಿನ ಮೇಲೆ ಯಾವ ಉದ್ದೇಶಕ್ಕೆ ಕೊಟ್ಟದ್ದೆಂದು ದಿನಾಂಕ ಸಹಿತ ಅಡ್ಡವಾಗಿ ಬರೆಯುವುದು ಹಳೆಯ ಪದ್ಧತಿಯಾದರೂ ಒಳ್ಳೆಯ ಪದ್ಧತಿ. ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ, ಸಹಿ ಮಾಡಿದ ಖಾಲಿ ಚೆಕ್ಕು ಅಥವಾ ಖಾಲಿ ಕಾಗದ, ಎಲ್ಲ ವ್ಯವಹಾರಕ್ಕೂ ಅನ್ವಯಿಸುವ ಮುಖ್ತ್ಯಾರ್‌ನಾಮೆ, ಇವನ್ನು ಯಾರಿಗೂ ಕೊಡಬಾರದು. ಬ್ಯೂರೋ ಖಾತೆಯನ್ನು ತಮ್ಮ ಇಮೇಲ್ ವಿಳಾಸದಲ್ಲಿ ತೆರೆಯುತ್ತೇವೆ ಎಂದರೂ ಒಪ್ಪಬೇಡಿ. ಹಾಗೆ ಮಾಡಿದರೆ ಬ್ಯೂರೋದ ಉತ್ತರಗಳು ನಿಮಗೆ ತಲುಪುವುದೇ ಇಲ್ಲ.

ತಕರಾರು ತಿರಸ್ಕೃತವಾದರೆ ಮುಂದೇನು?

ಮೊದಲು ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಿರಿ; ಭಾರತದಲ್ಲಿ ತಿದ್ದುಪಡಿ ಕೋರಿಕೆಯನ್ನು ನಿರಾಕರಿಸಿದರೆ ಕಾರಣ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಅದೇ ಪತ್ರವನ್ನು ಅದೇ ಕಾಗದಗಳೊಂದಿಗೆ ಮತ್ತೆ ಕಳುಹಿಸುವುದರಿಂದ ಪ್ರಯೋಜನವಿಲ್ಲ, ಹೊಸ ಪುರಾವೆ ಬೇಕು. ಅದೂ ಫಲಿಸದಿದ್ದರೆ ಮೇಲಿನ ಬಾಗಿಲು ತಟ್ಟಬೇಕು. ಭಾರತದಲ್ಲಿ 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಶುಲ್ಕವಿಲ್ಲದೆ ಅಲ್ಲಿಗೆ ಹೋಗಬಹುದು. ಅಮೆರಿಕದಲ್ಲಿ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋಗೆ ದೂರಬಹುದು, ಬ್ರಿಟನ್ನಿನಲ್ಲಿ ಮಾಹಿತಿ ಆಯುಕ್ತರು ಮತ್ತು ಹಣಕಾಸು ಓಂಬುಡ್ಸ್‌ಮನ್ ಇದ್ದಾರೆ.

ವರದಿಗೆ ನಿಮ್ಮ ವಿವರಣೆಯನ್ನು ಲಗತ್ತಿಸುವ ಹಕ್ಕೂ ಇದೆ. ಬ್ರಿಟನ್ನಿನಲ್ಲಿ 200 ಪದಗಳವರೆಗೆ ಬರೆಯಬಹುದು. ಅಮೆರಿಕದಲ್ಲಿ, ಬರೆಯಲು ತಾನೇ ನೆರವಾದರೆ, ಬ್ಯೂರೋ ಅದನ್ನು 100 ಪದಕ್ಕೆ ಮಿತಿಗೊಳಿಸಬಹುದು. ಸಾಲದ ಅರ್ಜಿಯನ್ನು ಯಂತ್ರವಲ್ಲದೆ ಮನುಷ್ಯರು ಓದುವಲ್ಲಿ ಇದಕ್ಕೆ ಬೆಲೆಯಿದೆ. ಸ್ಕೋರ್ ಮೇಲೆ ಇದು ಪರಿಣಾಮ ಬೀರುವುದಿಲ್ಲ.

ತಕರಾರು ಹಾಕಿದರೆ ಸ್ಕೋರ್ ಇಳಿಯುತ್ತದೆಯೇ?

ಇಲ್ಲ. ನಿಮ್ಮ ವರದಿಯನ್ನು ನೀವೇ ನೋಡಿದರೂ ಇಳಿಯುವುದಿಲ್ಲ.

ತಪ್ಪು ತಿದ್ದಿದ ಮೇಲೆ ಸ್ಕೋರ್ ಎಷ್ಟು ಏರುತ್ತದೆ?

ಅದು ತಪ್ಪಿನ ತೂಕವನ್ನು ಅವಲಂಬಿಸಿದೆ. ಹಳೆಯ ವಿಳಾಸವನ್ನೋ ಹೆಸರಿನ ಕಾಗುಣಿತವನ್ನೋ ತಿದ್ದಿಸಿದರೆ ಒಂದಂಕಿಯೂ ಬದಲಾಗದಿರಬಹುದು. ನಿಮ್ಮದಲ್ಲದ ಇತ್ತೀಚಿನ ಸುಸ್ತಿಯೊಂದು ಹೋದರೆ ಏರಿಕೆ ದೊಡ್ಡದಿರಬಹುದು, ಆದರೆ ಅದೇ ವರದಿಯಲ್ಲಿ ನಿಜವಾದ ಸುಸ್ತಿಗಳೂ ಇದ್ದರೆ ಅಷ್ಟಾಗಿ ಕಾಣದು. ತಪ್ಪಾಗಿ ನಮೂದಾಗಿದ್ದ ಹಳೆಯ ಖಾತೆಯನ್ನು ತೆಗೆಸಿದಾಗ ಸ್ಕೋರ್ ತುಸು ಇಳಿದದ್ದೂ ಉಂಟು, ಏಕೆಂದರೆ ಸಾಲದ ಇತಿಹಾಸದ ಉದ್ದ ಕಡಿಮೆಯಾಗುತ್ತದೆ. ಆದ್ದರಿಂದ ಅಂಕಿ ಹೇಳಿ ಆಸೆ ಹುಟ್ಟಿಸುವವರಿಗೆ ಸ್ಕೋರ್ ಲೆಕ್ಕ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿದ್ದಾರೆ.

ಮನೆ ಸಾಲದ ಅರ್ಜಿ ಈಗಾಗಲೇ ಬ್ಯಾಂಕಿನಲ್ಲಿದೆ, ಈಗ ತಪ್ಪು ಕಂಡಿದೆ. ಏನು ಮಾಡಲಿ?

ಯಾವುದೇ ಸಂಸ್ಥೆಗೆ ಹಣ ಕೊಡುವ ಮುನ್ನ ಬ್ಯಾಂಕಿನ ಅಧಿಕಾರಿಗೇ ತಿಳಿಸಿ, ತಕರಾರಿನ ಸ್ವೀಕೃತಿ ಮತ್ತು ಪುರಾವೆಯ ನಕಲು ಕೊಟ್ಟು, ತಿದ್ದುಪಡಿಯಾಗುವವರೆಗೆ ನಿರ್ಧಾರ ಮುಂದೂಡುವಂತೆ ಬರಹದಲ್ಲಿ ಕೋರಿ. ಒಮ್ಮೆ ತಿರಸ್ಕೃತವಾಗಿ ಇನ್ನೊಂದು ಬ್ಯಾಂಕಿಗೆ, ಮತ್ತೊಂದಕ್ಕೆ ಅರ್ಜಿ ಹಾಕುತ್ತ ಹೋದರೆ ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ಸೇರುತ್ತದೆ. ಅಮೆರಿಕದಲ್ಲಿ ಮನೆ ಸಾಲ ಕೊಡುವವರು ಪುರಾವೆ ಸಲ್ಲಿಸಿ ಕೆಲವೇ ದಿನಗಳಲ್ಲಿ ಸ್ಕೋರನ್ನು ಮರುಲೆಕ್ಕ ಹಾಕಿಸುವ ‘ರ‍್ಯಾಪಿಡ್ ರಿಸ್ಕೋರ್’ ವ್ಯವಸ್ಥೆಯಿದೆ. ಅದನ್ನು ಗ್ರಾಹಕರಾಗಲಿ ಕ್ರೆಡಿಟ್ ರಿಪೇರಿ ಸಂಸ್ಥೆಯಾಗಲಿ ನೇರವಾಗಿ ಮಾಡಿಸಲಾಗದು, ಸಾಲದಾತರೇ ಕೇಳಬೇಕು.

ತಿದ್ದಿದ ತಪ್ಪು ಮತ್ತೆ ಬಂದರೆ?

ಸಾಲದಾತರ ಮೂಲ ಕಡತದಲ್ಲಿ ತಪ್ಪು ಹಾಗೆಯೇ ಉಳಿದಿದ್ದರೆ, ಮುಂದಿನ ಬಾರಿ ಅವರು ಮಾಹಿತಿ ಕಳುಹಿಸಿದಾಗ ಅದು ಮತ್ತೆ ವರದಿಗೆ ಬರುತ್ತದೆ. ಅಮೆರಿಕದಲ್ಲಿ ಹೀಗೆ ಮರಳಿ ಸೇರಿಸಬೇಕಾದರೆ ಮಾಹಿತಿ ಸರಿಯಿದೆಯೆಂದು ಸಾಲದಾತರು ದೃಢೀಕರಿಸಿರಬೇಕು, ಸೇರಿಸಿದ ಐದು ಕೆಲಸದ ದಿನಗಳೊಳಗೆ ಬ್ಯೂರೋ ನಿಮಗೆ ಬರಹದಲ್ಲಿ ತಿಳಿಸಬೇಕು. ಹಾಗೆ ತಿಳಿಸದೆ ಸೇರಿಸಿದ್ದರೆ ವಕೀಲರ ಕೈಗೆ ಅದೇ ಬಲವಾದ ಆಧಾರ. ಮೊದಲ ತಿದ್ದುಪಡಿಯ ಪತ್ರ, ತಿದ್ದಿದ ವರದಿಯ ಪ್ರತಿ, ಮರಳಿ ಬಂದ ವರದಿಯ ಪ್ರತಿ ಈ ಮೂರನ್ನೂ ದಿನಾಂಕ ಸಹಿತ ಒಂದೇ ಕಡತದಲ್ಲಿ ಇಡಬೇಕು.

ವೃತ್ತಿಪರರೊಂದಿಗಿನ ವ್ಯವಹಾರವನ್ನು ಯಾವಾಗ ಮುಗಿಸಬೇಕು?

ಒಪ್ಪಂದದಲ್ಲಿ ಹೆಸರಿಸಿದ ನಮೂದುಗಳು ಎಲ್ಲ ಬ್ಯೂರೋಗಳಲ್ಲೂ ಸರಿಯಾಗಿವೆಯೆಂದು ನೀವೇ ತರಿಸಿದ ವರದಿಯಲ್ಲಿ ಕಂಡ ಮೇಲೆ. ಆಗ ಅಧಿಕಾರಪತ್ರವನ್ನು ಹಿಂಪಡೆದುದಾಗಿ ಸಂಸ್ಥೆಗೂ ಬ್ಯೂರೋಗೂ ಒಂದೊಂದು ಪತ್ರ ಬರೆದು, ಅವರ ಬಳಿಯಿರುವ ನಿಮ್ಮ ದಾಖಲೆಗಳನ್ನು ವಾಪಸು ಪಡೆದು, ಖಾತೆಯಿಂದ ತಾನಾಗಿ ಕಡಿತವಾಗುವ ಶುಲ್ಕವೇನಾದರೂ ಇದ್ದರೆ ಬ್ಯಾಂಕಿನಲ್ಲಿ ನಿಲ್ಲಿಸಿ. ಆರು ತಿಂಗಳ ಬಳಿಕ ಮತ್ತೊಮ್ಮೆ ವರದಿ ತೆಗೆದು ಅದೇ ಸಾಲುಗಳನ್ನು ನೋಡಿ.